ಕಚೇರಿಯ ದೂರವಾಣಿಯಲ್ಲಿ ಕರೆಯ ವರ್ಗಾವಣೆ

ಬೆಂಗಳೂರಿನಿಂದ ಹಳೆಯ ಮದರಾಸು ರಸ್ತೆಯಲ್ಲಿ ಪೂರ್ವಕ್ಕೆ ಹೊರಟವರಿಗೆ ಕೃಷ್ಣರಾಜಪುರದ ಬಳಿ ದೂರವಾಣಿನಗರ ಸಿಕ್ಕುತ್ತದೆ. ಯಂತ್ರವೊಂದರ ಕನ್ನಡ ಹೆಸರನ್ನೇ ಹೊತ್ತ ಇಂಥ ಇನ್ನೊಂದು ಊರನ್ನು ನಾವು ಕಂಡಿಲ್ಲ. 1948ರಲ್ಲಿ ಇಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದ ಆ ಹೆಸರು ಬಂದಿತು. ದಶಕಗಳ ಕಾಲ ನಮ್ಮ ಕಚೇರಿಗಳ ಮೇಜಿನ ಮೇಲಿದ್ದ ಕಪ್ಪು ದೂರವಾಣಿಗಳೂ ಅವನ್ನು ಒಂದಕ್ಕೊಂದು ಜೋಡಿಸುತ್ತಿದ್ದ ಸ್ಟ್ರೌಜರ್ ಯಂತ್ರಗಳೂ ಅಲ್ಲಿ ತಯಾರಾದವು.

ಕಚೇರಿಯ ದೂರವಾಣಿಯಲ್ಲಿ ದಿನವೂ ನಡೆಯುವ ಒಂದು ಸಾಮಾನ್ಯ ಕ್ರಿಯೆಯನ್ನು ನೋಡೋಣ. ಹೊರಗಿನಿಂದ ಕರೆ ಬರುತ್ತದೆ. ಗುಮಾಸ್ತರು ರಿಸೀವರನ್ನು ಎತ್ತಿ, “ಸ್ವಲ್ಪ ತಡೆಯಿರಿ, ಸ್ಟೋರ್ಸಿಗೆ ಕೊಡುತ್ತೇನೆ” ಎನ್ನುತ್ತಾರೆ. ಕೊಕ್ಕೆಯನ್ನು ಒಮ್ಮೆ ತಟ್ಟುತ್ತಾರೆ, ಎರಡು ಅಂಕಿಗಳನ್ನು ಒತ್ತುತ್ತಾರೆ, ಸ್ಟೋರ್ಸಿನವರು ಮಾತಾಡಿದೊಡನೆ ರಿಸೀವರನ್ನು ಇಡುತ್ತಾರೆ. ಮಾತು ಮುಗಿದಾಗಲೂ ನಾವು ಒತ್ತುವುದು ಅದೇ ಕೊಕ್ಕೆಯನ್ನೇ. ಹಾಗಿರುವಾಗ ಈ ತಟ್ಟು “ಮುಗಿಯಿತು” ಎಂದಲ್ಲ, “ತಡೆಹಿಡಿ” ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ?

ದೂರವಾಣಿಗೂ ವಿನಿಮಯ ಕೇಂದ್ರಕ್ಕೂ ನಡುವೆ ಇರುವುದು ಎರಡೇ ತಂತಿಗಳು. ಕೇಂದ್ರವು ಅವುಗಳಿಗೆ ಸುಮಾರು 48 ವೋಲ್ಟುಗಳ ವಿದ್ಯುತ್ತನ್ನು ಒಡ್ಡಿರುತ್ತದೆ. ರಿಸೀವರು ಕೊಕ್ಕೆಯ ಮೇಲಿರುವಾಗ ವಿದ್ಯುನ್ಮಂಡಲ ತೆರೆದಿರುವುದರಿಂದ ಪ್ರವಾಹ ಹರಿಯದು. ಎತ್ತಿದೊಡನೆ ಮಂಡಲ ಮುಚ್ಚಿಕೊಂಡು ಕೆಲವು ಹತ್ತು ಮಿಲಿಆಂಪಿಯರುಗಳ ಪ್ರವಾಹ ಹರಿಯತೊಡಗುತ್ತದೆ. ತಂತಿಯ ಆ ತುದಿಯಲ್ಲಿ ನಾವು ಮಾಡುವುದನ್ನೆಲ್ಲ ಕೇಂದ್ರವು ಈ ಪ್ರವಾಹ ಉಂಟೋ ಇಲ್ಲವೋ ಎಂಬುದರಿಂದಲೇ ಊಹಿಸಬೇಕು.

ಹಳೆಯ ತಿರುಗುಬಿಲ್ಲೆಯ ದೂರವಾಣಿಯಲ್ಲಿ ಅಂಕಿಗಳನ್ನು ತಿಳಿಸುತ್ತಿದ್ದುದೂ ಹೀಗೆಯೇ. ಬಿಲ್ಲೆಯು ಹಿಂದಿರುಗುವಾಗ ಸೆಕೆಂಡಿಗೆ ಹತ್ತು ಬಾರಿಯಂತೆ ಪ್ರವಾಹವನ್ನು ಕಡಿಯುತ್ತಿತ್ತು. ಮೂರನ್ನು ತಿರುಗಿಸಿದರೆ ಮೂರು ಕಡಿತ, ಸೊನ್ನೆಗೆ ಹತ್ತು. ಒಂದೊಂದು ಕಡಿತದ ಅವಧಿ ಸುಮಾರು 60ರಿಂದ 67 ಮಿಲಿಸೆಕೆಂಡು. ಕಚೇರಿಯ ಹಿರಿಯರು ಬಿಲ್ಲೆಯ ರಂಧ್ರಕ್ಕೆ ಬೀಗ ಹಾಕುತ್ತಿದ್ದುದೂ, ಕೈಚಳಕವುಳ್ಳ ಕಿರಿಯರು ಕೊಕ್ಕೆಯನ್ನೇ ಚುರುಕಾಗಿ ತಟ್ಟಿ ಬೇಕಾದ ಸಂಖ್ಯೆಯನ್ನು ಪಡೆಯುತ್ತಿದ್ದುದೂ ಉಂಟು. ತಂತಿಯ ಮಟ್ಟಿಗೆ ಬಿಲ್ಲೆಗೂ ಕೊಕ್ಕೆಗೂ ಭೇದವಿಲ್ಲವಷ್ಟೆ!

ಕಡಿತಗಳನ್ನೆಣಿಸಿ ತಾನಾಗಿ ಚಲಿಸುವ ಯಂತ್ರಕ್ಕೆ 1891ರಲ್ಲಿ ಪೇಟೆಂಟು ಪಡೆದವನು ಅಮೆರಿಕದ ಆಲ್ಮನ್ ಸ್ಟ್ರೌಜರ್. ಇವನು ಎಂಜಿನಿಯರನಲ್ಲ, ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ವೃತ್ತಿಯವನು. ತನಗೆ ಬರಬೇಕಾದ ಕರೆಗಳನ್ನು ಆಪರೇಟರು ತನ್ನ ಪ್ರತಿಸ್ಪರ್ಧಿಗೆ ಜೋಡಿಸುತ್ತಿದ್ದಾಳೆಂದು ಸಂಶಯಪಟ್ಟು, ಆಪರೇಟರೇ ಇಲ್ಲದ ಯಂತ್ರವನ್ನು ಕಲ್ಪಿಸಿದನೆಂದು ಕಥೆಯುಂಟು. ಅವನ ಯಂತ್ರದ ತೋಳು ಒಂದು ಅಂಕಿಗೆ ಮೇಲೇರಿ, ಮತ್ತೊಂದಕ್ಕೆ ಅಡ್ಡ ತಿರುಗಿ, ನೂರು ತುದಿಗಳಲ್ಲಿ ಒಂದನ್ನು ಮುಟ್ಟುತ್ತಿತ್ತು.

ಈಗಿನ ಗುಂಡಿಗಳದು ಬೇರೆ ರೀತಿ. ಪ್ರತಿಯೊಂದು ಗುಂಡಿಯೂ ಎರಡು ಸ್ವರಗಳನ್ನು ಒಟ್ಟಿಗೆ ನುಡಿಸುತ್ತದೆ. 5ನ್ನು ಒತ್ತಿದರೆ 770 ಮತ್ತು 1336 ಹರ್ಟ್ಸ್. ಆದರೆ ಕೊಕ್ಕೆ ಮಾತ್ರ ಇಂದಿಗೂ ಹಳೆಯ ಭಾಷೆಯನ್ನೇ ಆಡುತ್ತದೆ. ಆದುದರಿಂದ ಯಂತ್ರವು ಕಡಿತದ ಕಾಲವನ್ನು ಅಳೆಯುತ್ತದೆ. ನೂರು ಮಿಲಿಸೆಕೆಂಡಿಗೆ ಒಳಗಿದ್ದರೆ ಅದು ಅಂಕಿಯ ಒಂದು ಕಡಿತ. ಸುಮಾರು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿದ್ದರೆ ತಟ್ಟು. ಒಂದು ಸೆಕೆಂಡನ್ನೂ ಮೀರಿದರೆ ಮಾತು ಮುಗಿಯಿತೆಂದೇ ತೀರ್ಮಾನ. ಈ ಎಲ್ಲೆಗಳು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತವೆ. ಅನೇಕ ಯಂತ್ರಗಳಲ್ಲಿ ನಾವೇ ಅವನ್ನು ತಿದ್ದಬಹುದು.

ತಿದ್ದದಿದ್ದರೆ ಏನಾಗುವುದೆಂಬುದನ್ನು ನಾವು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕಂಡೆವು. ರಾತ್ರಿ ಪಾಳಿಯಲ್ಲಿ ಲೋಹಲೇಪನದ ತೊಟ್ಟಿಯ ದ್ರಾವಣವು ಕೆಲಸಗಾರನೊಬ್ಬನ ಕಣ್ಣಿಗೆ ಸಿಡಿದಿತ್ತು. ನೀರು ಹಾಕಿ ತೊಳೆದು ಆಸ್ಪತ್ರೆಗೆ ಕಳುಹಿಸಿದ್ದಾಯಿತು. ಅಲ್ಲಿಂದ ವೈದ್ಯರು ಕರೆದು, ಆ ದ್ರಾವಣ ಆಮ್ಲವೋ ಕ್ಷಾರವೋ ಎಂದು ಕೇಳಿದರು. ಅದು ನಮಗೆ ತಿಳಿಯದು. ತಿಳಿದವರು ಒಳಗಿನ ಶೆಡ್ಡಿನಲ್ಲಿದ್ದರು. “ಒಂದು ನಿಮಿಷ ಇರಿ ಡಾಕ್ಟರೇ” ಎಂದು ನಾವು ಕೊಕ್ಕೆಯನ್ನು, ಗಾಬರಿಯಲ್ಲಿ, ಬಲವಾಗಿ ಒತ್ತಿ ಹಿಡಿದೆವು. ಕರೆ ಕಡಿದುಹೋಯಿತು. ಆ ದೂರವಾಣಿಗೆ ಕರೆದವರ ಸಂಖ್ಯೆ ತೋರಿಸುವ ಕಿಟಕಿಯಿರಲಿಲ್ಲ. ವೈದ್ಯರು ಮತ್ತೆ ಕರೆಯುವ ತನಕ ಕಳೆದ ಹತ್ತು ನಿಮಿಷಗಳು ನಮಗೆ ಇನ್ನೂ ನೆನಪಿವೆ. ಕಣ್ಣು ಉಳಿಯಿತು, ದ್ರಾವಣವು ಕ್ಷಾರವಾಗಿತ್ತು, ಅದು ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆಂದು ವೈದ್ಯರು ಆಮೇಲೆ ಹೇಳಿದರು.

ತಟ್ಟನ್ನು ಗುರುತಿಸಿದ ಮೇಲೆ ಯಂತ್ರ ಮಾಡುವುದೇನು? ಹಿಂದೆ ಕಚೇರಿಯ ಹಲಗೆಯ ಮುಂದೆ ಕುಳಿತ ಆಪರೇಟರು ಹಗ್ಗದ ತುದಿಯನ್ನು ಒಂದು ಕುಳಿಯಿಂದ ಕಿತ್ತು ಇನ್ನೊಂದಕ್ಕೆ ಚುಚ್ಚುತ್ತಿದ್ದರು. ಅಂಕೀಯ ಯಂತ್ರದಲ್ಲಿ ಧ್ವನಿಯನ್ನು ಸೆಕೆಂಡಿಗೆ 8000 ಬಾರಿ ಅಳೆದು, ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯನ್ನಾಗಿ ಬರೆಯುತ್ತಾರೆ. ಎರಡು ಅಳತೆಗಳ ನಡುವಿನ ಅವಧಿ 125 ಮೈಕ್ರೊಸೆಕೆಂಡು. ಈ ಅವಧಿಯಲ್ಲಿ ಪ್ರತಿ ದೂರವಾಣಿಗೂ ಒಂದು ಸರದಿ ಇರುತ್ತದೆ. ಯಾರ ಸರದಿಯಲ್ಲಿ ಬಂದ ಸಂಖ್ಯೆಯನ್ನು ಯಾರಿಗೆ ಕೊಡಬೇಕೆಂದು ಸ್ಮೃತಿಯಲ್ಲಿ ಒಂದು ಪಟ್ಟಿಯಿರುತ್ತದೆ. ತಟ್ಟಿದೊಡನೆ ಹೊರಗಿನವರ ಹೆಸರಿನ ಮುಂದೆ ಸಂಗೀತದ ಸರದಿಯನ್ನೂ, ನಾವು ರಿಸೀವರನ್ನು ಇಟ್ಟೊಡನೆ ಸ್ಟೋರ್ಸಿನ ಸರದಿಯನ್ನೂ ಬರೆದರೆ ವರ್ಗಾವಣೆ ಮುಗಿಯಿತು. ಯಾವ ತಂತಿಯೂ ಕದಲಲಿಲ್ಲ. ಪಕ್ಕದ ಮೇಜಿನಲ್ಲಿ ಬಡಿದುಕೊಳ್ಳುತ್ತಿರುವ ಗಂಟೆಯ ಕರೆಯನ್ನು ನಮ್ಮ ಮೇಜಿನಿಂದಲೇ ಒಂದು ಸಂಕೇತ ಒತ್ತಿ ಎತ್ತಿಕೊಳ್ಳುವುದೂ ಇದೇ ಪಟ್ಟಿಯ ತಿದ್ದುಪಡಿ.

ಇಂಥ ಯಂತ್ರಗಳನ್ನು ನಮ್ಮಲ್ಲೇ ರೂಪಿಸಲು 1984ರಲ್ಲಿ ಸಿ-ಡಾಟ್ ಸಂಸ್ಥೆ ಆರಂಭವಾಯಿತು. ಅದರ ಮೊದಲ ಫಲಗಳೆಂದರೆ 128 ತುದಿಗಳ ಕಚೇರಿ ಯಂತ್ರ ಹಾಗೂ ಅದೇ ಗಾತ್ರದ ಗ್ರಾಮೀಣ ವಿನಿಮಯ ಕೇಂದ್ರ. ಎರಡನೆಯದನ್ನು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಪರೀಕ್ಷೆಗೆ ಇಟ್ಟರು. ಈ ಸಂಸ್ಥೆಯ ಬೆಂಗಳೂರಿನ ಆವರಣ ಇರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ.

ಕಚೇರಿಗೆ ಹೊರಗಿನ ತಂತಿಗಳು ಎಷ್ಟು ಬೇಕು? ಇದು ಗಣಿತದ ಪ್ರಶ್ನೆ. ಕೋಪನ್‌ಹೇಗನ್ ದೂರವಾಣಿ ಕಂಪನಿಯ ಎರ್ಲಾಂಗ್ 1917ರಲ್ಲಿ ಇದಕ್ಕೆ ಸೂತ್ರ ಕೊಟ್ಟನು. ಐವತ್ತು ಮಂದಿಯ ಕಚೇರಿಯಲ್ಲಿ, ಅತ್ಯಂತ ಗಡಿಬಿಡಿಯ ಒಂದು ಗಂಟೆಯಲ್ಲಿ, ಒಬ್ಬೊಬ್ಬರಿಗೂ ಮೂರು ನಿಮಿಷದ ಎರಡು ಹೊರಕರೆಗಳೆಂದು ಇಟ್ಟುಕೊಳ್ಳಿ. ಒಟ್ಟು 300 ನಿಮಿಷ, ಅಂದರೆ ಐದು ಗಂಟೆಯ ಮಾತು. ಐದು ತಂತಿಗಳು ಸಾಕೆಂದು ತೋರಬಹುದು. ಆದರೆ ಕರೆಗಳು ಸಾಲಾಗಿ ನಿಂತು ಬರುವುದಿಲ್ಲ. ಎರ್ಲಾಂಗನ ಲೆಕ್ಕದಂತೆ ಐದು ತಂತಿಗಳಿದ್ದರೆ ನೂರಕ್ಕೆ ಸುಮಾರು 28 ಕರೆಗಳು ನಷ್ಟವಾಗುತ್ತವೆ. ನಷ್ಟವು ನೂರಕ್ಕೆ ಒಂದಕ್ಕಿಂತ ಕಡಿಮೆಯಾಗಬೇಕಾದರೆ 11 ತಂತಿಗಳು ಬೇಕು. ವಿದ್ಯಾರ್ಥಿಗಳು ಇದನ್ನು ತಾವೇ ಕಾಗದದ ಮೇಲೆ ಮಾಡಿನೋಡಬಹುದು.

ವೈಟ್‌ಫೀಲ್ಡಿನ ಹೊಸ ಕಚೇರಿಗಳಲ್ಲಿ ದೂರವಾಣಿಯೂ ಗಣಕಜಾಲದ ತಂತಿಗೇ ಅಂಟಿಕೊಂಡಿದೆ. ಅಲ್ಲಿ ವರ್ಗಾವಣೆಗೆ ಬೇರೆಯೇ ಗುಂಡಿಯಿದ್ದು, “ಇಂಥವರೊಡನೆ ಮಾತಾಡು” ಎಂಬ ಲಿಖಿತ ಸಂದೇಶವೇ ಹೋಗುತ್ತದೆ. ಕಾಲವನ್ನು ಅಳೆಯಬೇಕಾದ ಗೊಡವೆಯಿಲ್ಲ. ಪೀಣ್ಯದ ನಮ್ಮ ಶೆಡ್ಡುಗಳಲ್ಲಿ ಹಳೆಯ ಪೆಟ್ಟಿಗೆಗಳು ಇನ್ನೂ ದುಡಿಯುತ್ತಿವೆ. ಆ ರಾತ್ರಿಯ ಮರುದಿನ ನಾವು ತಟ್ಟಿನ ಎಲ್ಲೆಯನ್ನು ಹಿಗ್ಗಿಸಿದೆವು. ರಾತ್ರಿ ಬರುವ ಕರೆ ಕಾವಲುಗಾರನ ಕೋಣೆಯಲ್ಲಿಯೂ ಲೇಪನದ ಶೆಡ್ಡಿನಲ್ಲಿಯೂ ಒಟ್ಟಿಗೆ ಬಡಿಯುವಂತೆ ಮಾಡಿದೆವು. ಪ್ರತಿ ತೊಟ್ಟಿಯ ದ್ರಾವಣದ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು ಎರಡೂ ದೂರವಾಣಿಗಳ ಮೇಲಿನ ಗೋಡೆಗೆ ಅಂಟಿಸಿದೆವು.