ಪಕ್ಕದ ಬಯಲಿನ ನಕ್ಷೆಗೆ ಕಾನೂನಿನ ಬಲ ಇದೆಯೇ?

ಪ್ರಶ್ನೆ: ಮಗಳು ಅಮೆರಿಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಮನೆ ಕೊಂಡಿದ್ದಾಳೆ. ಪಕ್ಕದ ಖಾಲಿ ಜಾಗವನ್ನು ‘ಪ್ಲಾನ್ಡ್ ಡೆವಲಪ್‌ಮೆಂಟ್ ಡಿಸ್ಟ್ರಿಕ್ಟ್’ ಮಾಡಲು ಬಿಲ್ಡರ್ ಅರ್ಜಿ ಹಾಕಿದ್ದಾರಂತೆ. ಅದರ ಜೊತೆಗಿರುವ ಕಾನ್ಸೆಪ್ಟ್ ಪ್ಲಾನ್ ಬರೀ ಬಣ್ಣದ ಚಿತ್ರವೋ, ಅದಕ್ಕೆ ಕಾನೂನಿನ ಬಲವೂ ಇದೆಯೋ?
– ಓದುಗರು, ಮೈಸೂರು

ಉತ್ತರ: ಬಲ ಖಂಡಿತ ಇದೆ. ಆದರೆ ಅದು ಬರುವುದು ಕೌಂಟಿಯ ಬೋರ್ಡ್ ಆಫ್ ಸೂಪರ್‌ವೈಸರ್ಸ್ ಒಪ್ಪಿಗೆ ಕೊಟ್ಟ ಮೇಲೆ. ಅಲ್ಲಿಯವರೆಗೆ ಅದು ಬಿಲ್ಡರ್ ಮುಂದಿಟ್ಟ ಪ್ರಸ್ತಾಪ ಮಾತ್ರ.

ಅಮೆರಿಕದ ಮಾಮೂಲಿ ವಲಯ ನಿಯಮದಲ್ಲಿ ಮನೆಗಳಿಗೊಂದು ವಲಯ, ಅಂಗಡಿಗೊಂದು, ಕಾರ್ಖಾನೆಗೊಂದು. ಓಹಾಯೋದ ಯೂಕ್ಲಿಡ್ ಊರಿನ ಮೊಕದ್ದಮೆಯಲ್ಲಿ 1926ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಇಲ್ಲಿ ಪ್ರತಿ ನಿವೇಶನಕ್ಕೂ ಅಳತೆ, ಎತ್ತರ, ಸುತ್ತ ಬಿಡಬೇಕಾದ ಜಾಗ ಎಲ್ಲವೂ ಮೊದಲೇ ಗೊತ್ತು. ಯೋಜಿತ ಅಭಿವೃದ್ಧಿ ವಲಯದಲ್ಲಿ ಲೆಕ್ಕ ಹಾಕುವುದು ಇಡೀ ಜಾಗಕ್ಕೆ. ಒಂದು ಕಡೆ ಒತ್ತೊತ್ತಾಗಿ ಮನೆ ಕಟ್ಟಿ, ಇನ್ನೊಂದು ಕಡೆ ಕಾಡು, ಕೆರೆ ಉಳಿಸಿಕೊಳ್ಳಬಹುದು.

ಇದರ ಒಳ್ಳೆಯ ಮಾದರಿ ಅದೇ ಕೌಂಟಿಯಲ್ಲಿದೆ: ರೆಸ್ಟನ್. ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಮಾರಿದ ಹಣದ ನೆರವಿನಿಂದ ರಾಬರ್ಟ್ ಸೈಮನ್ 1961ರಲ್ಲಿ ಅಲ್ಲಿ ಸುಮಾರು 6,750 ಎಕರೆ ಕೊಂಡರು. ಅವರ ಕಲ್ಪನೆಗೆ ಹಳೆಯ ನಿಯಮಗಳಲ್ಲಿ ಜಾಗವಿರಲಿಲ್ಲ. 1962ರಲ್ಲಿ ಕೌಂಟಿ ಹೊಸ ವಲಯವನ್ನೇ ಸೃಷ್ಟಿಸಿತು. ಇಡೀ ಊರಿಗೆ ಸರಾಸರಿ ಎಕರೆಗೆ 13 ಜನರ ಮಿತಿ. ಅದರೊಳಗೆ ಎಲ್ಲಿ ಎಷ್ಟು ಎಂಬುದನ್ನು ನಕ್ಷೆ ಹೇಳಬೇಕು. ಲೇಕ್ ಆನ್ ಕೆರೆಯ ದಂಡೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ, ಪಕ್ಕದಲ್ಲೇ ಅಪಾರ್ಟ್‌ಮೆಂಟ್ ಗೋಪುರ ಎದ್ದು ನಿಂತದ್ದು ಹೀಗೆ.

ಮುಂದೆ 2012ರಲ್ಲಿ ರೆಸ್ಟನ್ನಿನ ಒಂದು ಗಾಲ್ಫ್ ಮೈದಾನದಲ್ಲಿ ಮನೆ ಕಟ್ಟುವ ಪ್ರಶ್ನೆ ಎದ್ದಿತು. ಊರಿನ ಯೋಜನೆ ತಿದ್ದುಪಡಿಯಾಗದೆ ಅದು ಸಾಧ್ಯವಿಲ್ಲ ಎಂದರು ಕೌಂಟಿ ಅಧಿಕಾರಿಗಳು. ನಿವಾಸಿಗಳು ಸಂಘಟಿತರಾದರು, ವಿವಾದ ಕೋರ್ಟಿನ ಮೆಟ್ಟಿಲನ್ನೂ ಏರಿತು. ಅರ್ಧ ಶತಮಾನ ಕಳೆದರೂ ನಕ್ಷೆಯ ಹಸಿರು ಬಣ್ಣಕ್ಕೆ ಅಷ್ಟು ತೂಕವಿತ್ತು.

ಈಗ ನಿಮ್ಮ ಮಗಳ ವಿಷಯಕ್ಕೆ ಬರೋಣ. ಫೇರ್‌ಫ್ಯಾಕ್ಸ್‌ನಲ್ಲಿ ಸಾಮಾನ್ಯವಾಗಿ ಎರಡು ಹಂತ. ಮೊದಲನೆಯದು ಪರಿಕಲ್ಪನಾ ನಕ್ಷೆ. ಮನೆಗಳ ಗರಿಷ್ಠ ಸಂಖ್ಯೆ, ಕಟ್ಟಡಗಳ ಎತ್ತರ, ರಸ್ತೆಗಳು, ಬಯಲು ಜಾಗ ಎಲ್ಲವೂ ಇದರಲ್ಲಿರುತ್ತವೆ. ಪ್ಲಾನಿಂಗ್ ಕಮಿಷನ್ ಸಾರ್ವಜನಿಕ ವಿಚಾರಣೆ ನಡೆಸಿ ಶಿಫಾರಸು ಮಾಡುತ್ತದೆ. ಬೋರ್ಡ್ ಕೂಡ ವಿಚಾರಣೆ ನಡೆಸಿ, ವಲಯ ಬದಲಾವಣೆಯ ಜೊತೆಗೇ ಇದನ್ನೂ ತೀರ್ಮಾನಿಸುತ್ತದೆ. ಎರಡನೆಯದು ಅಂತಿಮ ನಕ್ಷೆ. ಅದು ಮೊದಲನೆಯದರ ಚೌಕಟ್ಟು ದಾಟುವಂತಿಲ್ಲ. ಸಣ್ಣಪುಟ್ಟ ಮಾರ್ಪಾಡನ್ನು ಅಧಿಕಾರಿಗಳೇ ಒಪ್ಪಬಹುದು. ದೊಡ್ಡ ಬದಲಾವಣೆಗೆ ಮತ್ತೆ ವಿಚಾರಣೆ ಆಗಬೇಕು.

ನಕ್ಷೆಯ ಜೊತೆ ‘ಪ್ರಾಫರ್’ ಎಂಬ ಲಿಖಿತ ವಾಗ್ದಾನಗಳೂ ಇರುತ್ತವೆ: ಇಷ್ಟು ಮರ ಉಳಿಸುತ್ತೇವೆ, ಕಾಲುದಾರಿ ಮಾಡಿಕೊಡುತ್ತೇವೆ ಎಂಬಂಥವು. ಬಿಲ್ಡರ್ ತಾವಾಗಿ ಕೊಟ್ಟರೂ ಬೋರ್ಡ್ ಒಪ್ಪಿದೊಡನೆ ಅವು ಕಡ್ಡಾಯ. ಜಾಗ ಬೇರೆಯವರಿಗೆ ಮಾರಾಟವಾದರೂ ಹೊಸ ಮಾಲೀಕರು ಪಾಲಿಸಲೇಬೇಕು. ಆದರೆ ಮಾರಾಟದ ಕರಪತ್ರದಲ್ಲಿ ಮಾತ್ರ ಕಾಣುವ ಮರ, ಬೆಂಚುಗಳಿಗೆ ಈ ರಕ್ಷಣೆ ಇಲ್ಲ.

ಆದ್ದರಿಂದ ಕಡತ ತರಿಸಿ ಓದಲು ಮಗಳಿಗೆ ಹೇಳಿ. ತಮ್ಮ ಬೇಲಿಯಿಂದ ಹೊಸ ಕಟ್ಟಡ ಎಷ್ಟು ದೂರ, ಮಳೆನೀರು ಎತ್ತ ಹರಿಯುತ್ತದೆ, ವಾಹನಗಳು ಯಾವ ರಸ್ತೆಗೆ ಇಳಿಯುತ್ತವೆ ಎಂಬುದನ್ನು ನೋಡಲಿ. ಬೇಕೆನಿಸಿದ್ದನ್ನು ವಿಚಾರಣೆಯಲ್ಲಿ ಮಾತಾಡಿ, ನಕ್ಷೆ ಅಥವಾ ಪ್ರಾಫರ್‌ನಲ್ಲಿ ಬರೆಸಲು ಒತ್ತಾಯಿಸಲಿ. ಬೋರ್ಡ್ ಮತ ಹಾಕುವ ಮೊದಲೇ ಇದಾಗಬೇಕು.