ಕಂತು ತಪ್ಪಿದಾಗ ಹೆದರಬೇಡಿ

ಸಂಘದ ಸಾಲದ ಕಂತು ಒಂದು ವಾರ ತಪ್ಪಿತೆಂದು ವಸೂಲಿಯವರು ರಾತ್ರಿ ಬಂದು ಬಾಗಿಲು ಬಡಿದು, ಓಣಿಯವರೆಲ್ಲ ಕೇಳುವಂತೆ ಬೈಯುತ್ತಾರಲ್ಲ, ಆ ಹಕ್ಕು ಅವರಿಗಿಲ್ಲ. ಸಾಲ ತೀರಿಸಬೇಕು, ನಿಜ. ಆದರೆ ನೀವು ಮಾನ ಅಡವಿಟ್ಟು ಸಾಲ ತಂದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಸಂಘಗಳ ಮೂಲಕ ಸಾಲ ಕೊಡುವ ಮೈಕ್ರೋಫೈನಾನ್ಸ್‌ ಕಂಪನಿಯವರು ವಸೂಲಿಗಾಗಿ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಕೂಡ ಮಾಡುವಂತಿಲ್ಲ. ನೆಂಟರಿಷ್ಟರಿಗೆ ಕಾಟ ಕೊಡುವಂತಿಲ್ಲ.

ಬಂದವರ ಗುರುತಿನ ಚೀಟಿ ಕೇಳಿ. ಕಟ್ಟಿದ ದುಡ್ಡಿಗೆ ರಸೀದಿ ಪಡೆಯಿರಿ. ಕಾಟ ಕೊಟ್ಟ ದಿನ, ಹೊತ್ತು ಬರೆದಿಟ್ಟುಕೊಂಡು ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಣಾಧಿಕಾರಿಯಾದ ಓಂಬುಡ್ಸ್‌ಮನ್‌ಗೆ ಬರೆಯಿರಿ, ಅದಕ್ಕೆ ಶುಲ್ಕವಿಲ್ಲ. ಬೆದರಿಕೆ ಹಾಕಿದರೆ ಮಾತ್ರ ಕಾಯಬೇಡಿ, ನೇರ ಪೊಲೀಸ್ ಠಾಣೆಗೆ ಹೋಗಿ. ಇಂಥ ಬಲವಂತದ ವಸೂಲಿ ತಡೆಯಲೆಂದೇ ಕರ್ನಾಟಕ 2025ರಲ್ಲಿ ಕಾನೂನು ಮಾಡಿದೆ.