ಡಿಜಿಟಲ್ ಟ್ವಿನ್: ಹಂಪಿಯ ಕಲ್ಲು, ತುಂಗಭದ್ರೆಯ ಗೇಟು

ಕಟ್ಟಡ, ಸೇತುವೆ, ಅಣೆಕಟ್ಟೆಗಳಿಗೆ ಕಂಪ್ಯೂಟರಿನಲ್ಲಿ ರೂಪಿಸಿದ ಜೀವಂತ ಪ್ರತಿರೂಪವೇ ಡಿಜಿಟಲ್ ಟ್ವಿನ್. ಸೆನ್ಸರ್‌ಗಳಿಂದ ಮಾಹಿತಿ ಬಂದಂತೆಲ್ಲ ಅದೂ ಬದಲಾಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಎಡವುವುದು ಇಲ್ಲೇ: ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆಯಡಿ ಹಂಪಿಯ ಸ್ಮಾರಕಗಳು 3ಡಿಯಲ್ಲಿ ದಾಖಲಾದವು, ಆದರೆ ಅದು ಹಾಗೆ ಬದಲಾಗದ ಡಿಜಿಟಲ್ ಮಾದರಿ, ಟ್ವಿನ್ ಅಲ್ಲ.

ಟ್ವಿನ್ ಪರಿಕಲ್ಪನೆ ಮುಂದಿಟ್ಟವರು: ಮೈಕೆಲ್ ಗ್ರೀವ್ಸ್, 2002. ಈ ಕುರಿತು ದೂರಸಂಪರ್ಕ ಇಲಾಖೆಯ ಉಪಕ್ರಮ: ‘ಸಂಗಮ್’, 2024.

ಡಿಜಿಟಲ್ ಟ್ವಿನ್‌ನ ಅಗತ್ಯ ತಿಳಿಯಲು ಹೊಸಪೇಟೆ ಬಳಿಯ ತುಂಗಭದ್ರಾ ಜಲಾಶಯ ಸಾಕು. ಇಲ್ಲಿನ 33 ಕ್ರಸ್ಟ್‌ಗೇಟ್‌ಗಳಲ್ಲಿ 19ನೆಯದರ ಚೈನ್ ಲಿಂಕ್ 2024ರ ಆಗಸ್ಟ್ 10ರ ರಾತ್ರಿ ತುಂಡಾಗಿ, ಗೇಟೇ ಕೊಚ್ಚಿಹೋಯಿತು. ರೈತರು ನೆಚ್ಚಿದ್ದ ನೀರು ನದಿಪಾಲಾಯಿತು. ಸರಪಳಿಯ ಎಳೆತ, ಕಂಪನ, ಸವಕಳಿಯನ್ನು ಸೆನ್ಸರ್ ಅಳೆಯುತ್ತಿದ್ದರೆ ಇಂಥ ಅಪಾಯವನ್ನು ಟ್ವಿನ್ ಮುಂಚಿತವಾಗಿ ಸೂಚಿಸಬಲ್ಲದು. ಹೊರಹರಿವು ಹೆಚ್ಚಿದಾಗ ಮುಳುಗುವ ಕಂಪ್ಲಿ–ಗಂಗಾವತಿ ಸೇತುವೆಗೂ ಈ ತಂತ್ರಜ್ಞಾನ ಬೇಕು.